ಎರಡು ಬ್ರೇಕಿನ ನಡುವಿನ ಕೊಂಡಿ

ಶರಣು ಬಂಧುಗಳೇ, ತಾಯಂದಿರೇ. ಇವತ್ತು ಶ್ರಾವಣದ ಪ್ರವಚನದಲ್ಲಿ ಉಪಕಾರ ಸ್ಮರಣೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಬೆಳಗ್ಗೆಯೇ ಅಂದುಕೊಂಡಿದ್ದೆವು. ಆದರೆ ಸಂಜೆ ಮಠದ ಅಂಗಳಕ್ಕೆ ಬಂದು ನೋಡಿದರೆ ಬೇವಿನ ಮರದ ಕೆಳಗೆ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿವೆ. ಹಿಂದೆ ಟ್ರೇಲರು. ಟ್ರೇಲರಿನಿಂದ ತಾಯಂದಿರು ಒಬ್ಬರ ಹೆಗಲು ಒಬ್ಬರು ಹಿಡಿದು ಇಳಿಯುತ್ತಿದ್ದಾರೆ, ಮಕ್ಕಳನ್ನು ಗೊಬ್ಬರದ ಚೀಲ ಇಳಿಸಿದ ಹಾಗೆ ಇಳಿಸುತ್ತಿದ್ದಾರೆ. ನೋಡಿ, ನಿಮ್ಮ ಭಕ್ತಿಗೆ ನಮ್ಮ ತಕರಾರಿಲ್ಲ. ಆದರೆ ನೀವು ಬಂದ ಟ್ರೇಲರಿನ ಬಗ್ಗೆ ತಕರಾರಿದೆ. ಆಗಲೇ ಈ ಕಥೆ ನೆನಪಾಯಿತು. ಇದರಲ್ಲಿ ಉಪಕಾರ ಸ್ಮರಣೆಯೂ ಇದೆ, ಟ್ರ್ಯಾಕ್ಟರೂ ಇದೆ. ಎರಡನ್ನೂ ಒಟ್ಟಿಗೇ ಮುಗಿಸಿಬಿಡೋಣ.

ಕೇಳಿ. ಹೊಳೆದಂಡೆಯಲ್ಲಿ ಒಂದು ಊರು, ಆ ಊರಲ್ಲಿ ಒಬ್ಬ ಕಬ್ಬಿನ ಸಾಹುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಮಂದಿ ಅವನು ಯಾರ ಬೀಗ, ಯಾರ ಸೋದರಮಾವ ಅಂತ ಹುಡುಕುತ್ತ ಕೂರುತ್ತೀರಿ, ಕಥೆ ಅಲ್ಲೇ ಹೂತುಹೋಗುತ್ತದೆ. ಆದರೆ ಅವನ ಹೆಂಡತಿಯ ಹೆಸರು ಹೇಳುತ್ತೇವೆ. ಬಾಳವ್ವ. ಗಂಡನ ಹೆಸರು ಬಿಟ್ಟು ಹೆಂಡತಿಯ ಹೆಸರು ಯಾಕೆ ಹೇಳುತ್ತಾರೆ ಈ ಸ್ವಾಮಿಗಳು ಅಂತ ಮುಂದಿನ ಸಾಲಿನ ಹಿರಿಯರು ಆಗಲೇ ಮುಖ ಮುಖ ನೋಡುತ್ತಿದ್ದಾರೆ. ತಡೀರಿ, ಗೊತ್ತಾಗುತ್ತದೆ.

ಸಾಹುಕಾರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ. ಕುಡಿಯುತ್ತಿರಲಿಲ್ಲ, ಯಾರ ಮನೆಯನ್ನೂ ಮುರಿದಿರಲಿಲ್ಲ, ಕೂಲಿಯವರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿಸುತ್ತಿದ್ದ. ಅವನಿಗೆ ಒಂದೇ ಒಂದು ಹೆಮ್ಮೆ. ಅದು ಅವನ ಟ್ರ್ಯಾಕ್ಟರು. ಡ್ರೈವರ್ ಇಟ್ಟುಕೊಳ್ಳುವ ಶಕ್ತಿ ಇದ್ದರೂ ಇಟ್ಟುಕೊಂಡಿರಲಿಲ್ಲ. ಹಿಂದೆ ಎರಡು ಟ್ರೇಲರು ಸಿಕ್ಕಿಸಿ, ಅದರ ಮೇಲೆ ಆಳೆತ್ತರಕ್ಕಿಂತ ಹೆಚ್ಚು ಕಬ್ಬು ಹೇರಿ, ಹಾಡು ಹಚ್ಚಿ, ಫ್ಯಾಕ್ಟರಿ ಕಡೆಗೆ ತಾನೇ ಹೊರಟರೆ ಊರೇ ನಿಂತು ನೋಡಬೇಕು. ಚಹಾದಂಗಡಿಯಲ್ಲಿ ಕೂತು ಅವನು ಹೇಳುತ್ತಿದ್ದ:

“ಇಷ್ಟು ವರ್ಷ ಆತು, ನನ್ನ ಕೈಯಾಗ ಗಾಡಿ ಒಂದ್ ಸಲಾನೂ ಆಚೀಚೆ ಆಗಿಲ್ಲ. ಸ್ಟೇರಿಂಗ್ ಹಿಡದ್ನೆಂದ್ರ ಮುಗೀತು.”

ನಿಜ. ಆಚೀಚೆ ಆಗಿರಲಿಲ್ಲ. ಯಾಕೆ ಆಗಿರಲಿಲ್ಲ ಅನ್ನುವುದೇ ಕಥೆ.

ಈ ಟ್ರ್ಯಾಕ್ಟರು ಮನೆಗೆ ಬಂದ ದಿನ ಏನಾಯಿತು ಕೇಳಿ. ಶೋರೂಮಿನವರು ತಂದು ಅಂಗಳದಲ್ಲಿ ನಿಲ್ಲಿಸಿದರು. ಊರಿನ ಗಂಡಸರೆಲ್ಲ ಸೇರಿದರು. ಬಾನೆಟ್ಟಿಗೆ ಮಾಲೆ, ಕನ್ನಡಿಗೆ ಮಾಲೆ, ದೀಪಕ್ಕೆ ಕುಂಕುಮ, ಗಾಲಿಯ ಕೆಳಗೆ ಲಿಂಬೆಹಣ್ಣು, ಎದುರಿಗೆ ಕಾಯಿ. ಪೂಜೆ ಎಲ್ಲ ಮುಂದಕ್ಕೆ. ಹಿಂದೆ ನಿಂತ ಟ್ರೇಲರಿಗೆ ಏನಿತ್ತು? ಒಂದು ಎಸಳು ಹೂವಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ದಸರಾದಲ್ಲಿ ಎಂಜಿನ್ನಿಗೆ ಬಾಳೆಕಂದು ಕಟ್ಟುತ್ತೀರಿ. ಭಾರ ಹೊರುವ ಟ್ರೇಲರಿಗೆ ಉಳಿದ ಸುಣ್ಣ ಬಳಿದರೆ ದೊಡ್ಡದು.

ಶೋರೂಮಿನಿಂದ ಬಂದವನು ಸಾಹುಕಾರನಿಗೆ ಎಲ್ಲ ತೋರಿಸುತ್ತಿದ್ದ. ಇದು ಗೇರು, ಇದು ಕ್ಲಚ್ಚು, ಇದು ಬ್ರೇಕು. ಈಗ ಟ್ರ್ಯಾಕ್ಟರ್ ಓಡಿಸದವರಿಗೆ ಒಂದು ಮಾತು ಹೇಳಬೇಕು. ಕಾರಿಗೆ, ಬಸ್ಸಿಗೆ ಬ್ರೇಕಿನ ಪೆಡಲು ಒಂದೇ. ಟ್ರ್ಯಾಕ್ಟರಿಗೆ ಎರಡು, ಬಲಗಾಲಿನ ಹತ್ತಿರ ಒಂದರ ಪಕ್ಕ ಒಂದು. ಒಂದು ಹಿಂದಿನ ಎಡ ಗಾಲಿಯನ್ನು ಹಿಡಿಯುತ್ತದೆ, ಇನ್ನೊಂದು ಬಲ ಗಾಲಿಯನ್ನು. ಯಾಕೆ ಎರಡು? ಹೊಲದ ಬದುವಿನ ಹತ್ತಿರ ಗಾಡಿಯನ್ನು ಗಕ್ಕನೆ ತಿರುಗಿಸಬೇಕಲ್ಲ, ಅದಕ್ಕೆ. ಬಲದ್ದನ್ನಷ್ಟೇ ತುಳಿದರೆ ಗಾಡಿ ಬಲಕ್ಕೆ ತಿರುಗಿಬಿಡುತ್ತದೆ, ಎಡದ್ದನ್ನಷ್ಟೇ ತುಳಿದರೆ ಎಡಕ್ಕೆ. ಹೊಲದಲ್ಲಿ ಇದು ಭಾರಿ ಅನುಕೂಲ. ಆದರೆ ರಸ್ತೆಯಲ್ಲಿ? ಹಿಂದೆ ಭಾರ ಇಟ್ಟುಕೊಂಡು ಜೋರಾಗಿ ಹೋಗುವಾಗ ಒಂದೇ ಗಾಲಿ ಹಿಡಿದರೆ ಏನಾಗುತ್ತದೆ? ಅದಕ್ಕೇ ಎರಡು ಪೆಡಲಿನ ನಡುವೆ ಒಂದು ಸಣ್ಣ ಕೊಂಡಿ ಇರುತ್ತದೆ. ರಸ್ತೆಗೆ ಇಳಿಯುವ ಮೊದಲು ಆ ಕೊಂಡಿ ಹಾಕಬೇಕು. ಹಾಕಿದರೆ ಎರಡು ಪೆಡಲು ಸೇರಿ ಒಂದಾಗುತ್ತವೆ, ಎರಡೂ ಗಾಲಿ ಒಟ್ಟಿಗೆ ನಿಲ್ಲುತ್ತವೆ. ಬೆರಳುದ್ದದ ಕಬ್ಬಿಣ, ಅಷ್ಟೇ.

ಶೋರೂಮಿನವನು ಇದನ್ನೂ ಹೇಳಿದ. “ರೋಡಿಗೆ ಹೋಗೂಮುಂದ ಇದನ್ನ ಮರೀಬ್ಯಾಡ್ರಿ ಸಾಹುಕಾರ್ರ. ಎರಡೂ ಜೋಡಿ ಇರಬೇಕು. ಇಲ್ಲಾಂದ್ರ ಹಿಂದಿನ ಭಾರ ನಿಮ್ಮನ್ನ ತಿರುವಿ ಒಗೀತೈತಿ.”

ಅದೇ ಹೊತ್ತಿಗೆ ಯಾರೋ ಕಾಯಿ ಒಡೆದರು, ಯಾರೋ ಹಾಡು ಹಚ್ಚಿದರು, ಸಾಹುಕಾರ ಹಾರನ್ ಒತ್ತಿ ಪರೀಕ್ಷೆ ಮಾಡುತ್ತಿದ್ದ. ಗಂಡಸರು ಯಾರೂ ಕೇಳಲಿಲ್ಲ. ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಬಾಳವ್ವ ಕೇಳಿಸಿಕೊಂಡಳು.

ಮುಂದೆ ಏನಾಯಿತು? ಎಲ್ಲರ ಮನೆಯಲ್ಲಿ ಆಗುವುದೇ ಆಯಿತು. ಫ್ಯಾಕ್ಟರಿ ಶುರುವಾದ ಮೇಲೆ ಸಾಹುಕಾರನ ರೂಢಿ ಹೀಗೆ: ಸಂಜೆ ಹೊಲದಲ್ಲಿ ಕಬ್ಬು ತುಂಬಿಸುವುದು, ನಿಧಾನವಾಗಿ ಬಂಡಿದಾರಿಯಲ್ಲಿ ಮನೆಯ ಮುಂದೆ ತಂದು ನಿಲ್ಲಿಸುವುದು, ಬೆಳಗ್ಗೆ ಎದ್ದು ಫ್ಯಾಕ್ಟರಿಗೆ ಹೊರಡುವುದು. ಮೆತ್ತನೆ ಮಣ್ಣಿನಿಂದ ಗಾಡಿ ಎಳೆಯುವಾಗ, ತಿರುಗಿಸುವಾಗ ಕೊಂಡಿ ಬಿಚ್ಚಲೇಬೇಕು. ಬಿಚ್ಚುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಚಪ್ಪಲಿಯ ತುದಿಯಿಂದಲೇ ಸರಿಸುತ್ತಿದ್ದ. ಹಾಕುವುದು? ಅದು ಹಾಕಿರುತ್ತಿತ್ತು. ಬೆಳಗ್ಗೆ ಬಂದು ಕೂತರೆ ಹಾಕಿಯೇ ಇರುತ್ತಿತ್ತು. ಯಾರು ಹಾಕಿದರು ಅಂತ ಅವನು ಒಂದು ದಿನವೂ ಕೇಳಲಿಲ್ಲ. ತಾನೇ ಹಾಕಿರಬೇಕು ಅಂದುಕೊಂಡಿದ್ದನೋ, ಏನೂ ಅಂದುಕೊಂಡಿರಲಿಲ್ಲವೋ. ನೀವು ಕೊಡದಿಂದ ನೀರು ಬಗ್ಗಿಸಿ ಕುಡಿಯುವಾಗ ಏನು ಅಂದುಕೊಳ್ಳುತ್ತೀರಿ? ಏನೂ ಇಲ್ಲ. ನೀರು ಇರುತ್ತದೆ, ಕುಡಿಯುತ್ತೀರಿ.

ಬಾಳವ್ವ ದಿನಾ ನಸುಕಿನಲ್ಲಿ ಎದ್ದು ಅಂಗಳ ಸಾರಿಸಿ, ಒಂದು ತಂಬಿಗೆ ನೀರು ತಂದು ಗಾಡಿಯ ಗಾಲಿಗೆ ಚಿಮುಕಿಸುತ್ತಿದ್ದಳು. ಬಾನೆಟ್ಟಿಗೆ ಕುಂಕುಮ ಹಚ್ಚಿ, ಆಮೇಲೆ ಹಿಂದಕ್ಕೆ ನಡೆದು ಟ್ರೇಲರಿಗೂ ಹಚ್ಚುತ್ತಿದ್ದಳು. ಟ್ರೇಲರನ್ನು ಎಂಜಿನ್ನಿಗೆ ಸಿಕ್ಕಿಸುವ ಪಿನ್ನಿಗೂ ಒಂದು ಬೊಟ್ಟು. ಹಚ್ಚುವಾಗ ಅದನ್ನು ಒಮ್ಮೆ ಅಲುಗಿಸಿ ನೋಡುತ್ತಿದ್ದಳು. ಹಿಂದಿನ ಟ್ರೇಲರಿನ ಬೆನ್ನಿಗೆ ಅಂಟಿಸಿದ, ರಾತ್ರಿ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಕೊನೆಗೆ ಮುಂದೆ ಬಂದು, ಗಾಡಿ ಹತ್ತುವ ಕಡೆ ಬಗ್ಗಿ, ಪೆಡಲಿನ ಹತ್ತಿರ ಕೈ ಹಾಕಿ ಏನೋ ಮಾಡಿ, ಕೈ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತ ಸಾಹುಕಾರ ಇದನ್ನು ದಿನಾ ನೋಡುತ್ತಿದ್ದ. ನೋಡಿ ನಗುತ್ತಿದ್ದ.

“ಏ, ಇವಳ, ಮನಿ ದೇವರ ಕಾಲಿಗೂ ನೀ ಇಷ್ಟ ಬಗ್ಗೂದಿಲ್ಲ. ಟ್ರ್ಯಾಕ್ಟರಿನ ಕಾಲಿಗೆ ಬೀಳಾಕ ಹತ್ತೀಯಲ್ಲ.”

“ಬಿದ್ರ ಏನಾತ್ರಿ? ನಿಮ್ಮನ್ನ ಹೊತಗೊಂಡ ಹೋಗೂದು ಅದ ಅಲ್ಲೇನು” ಅನ್ನುತ್ತಿದ್ದಳು ಅವಳು.

“ಅದಲ್ಲ ನನ್ನ ಹೊತಗೊಂಡ ಹೋಗೂದು, ನಾ ಅದನ್ನ ಹೊಡಕೊಂಡ ಹೋಗಾವ” ಅಂತ ಇವನು ಮೀಸೆ ತಿರುವುತ್ತಿದ್ದ.

ಇದನ್ನು ಕೇಳಿಸಿಕೊಂಡಿರಾ? ಹೆಂಡತಿಯನ್ನು ಅವನು ಏನೆಂದು ಕರೆದ? “ಏ, ಇವಳ.” ಇವರ ಮದುವೆಯಾಗಿ, ಮಗಳು ಹುಟ್ಟಿ ಬೆಳೆದು, ಅವಳೂ ಮದುವೆಯಾಗಿ ಹೋಗಿದ್ದಳು. ಅಷ್ಟು ವರ್ಷದಲ್ಲಿ ಸಾಹುಕಾರ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಸಿಟ್ಟಿನಿಂದ ಅಲ್ಲ, ತಿರಸ್ಕಾರದಿಂದಲೂ ಅಲ್ಲ. ಆ ಕಡೆಯ ರೂಢಿಯೇ ಹಾಗೆ. ನಿಮ್ಮಲ್ಲಿ ನಗುತ್ತಿರುವವರು ಯಾಕೆ ನಗುತ್ತಿದ್ದೀರಿ ಅಂತಲೂ ನಮಗೆ ಗೊತ್ತಿದೆ.

ಹೀಗಿರುವಾಗ ಮಗಳು ಮಹಾನಂದಾ ಮೊದಲ ಬಸುರಿಯಾದಳು. ಕುಬಸದ ದಿನ ಗೊತ್ತಾಯಿತು. ನಿಮಗೆ ಗೊತ್ತಲ್ಲ, ತವರಿನವರು ಸೀರೆ, ಕುಬಸ, ಬುತ್ತಿ ತೆಗೆದುಕೊಂಡು ಬೀಗರ ಊರಿಗೆ ಹೋಗಿ, ಬಸುರಿಗೆ ಉಡಿ ತುಂಬಿ, ಹೆರಿಗೆಗೆ ಮನೆಗೆ ಕರೆದುಕೊಂಡು ಬರಬೇಕು. ಕಬ್ಬಿನ ಕಾಲ, ಫ್ಯಾಕ್ಟರಿಯ ಸರದಿ ತಪ್ಪಿಸುವ ಹಾಗಿಲ್ಲ. ಸಾಹುಕಾರ ಹೋಗಲಿಲ್ಲ. ಬಾಳವ್ವ ನೆರೆಯ ಹೆಂಗಸರ ಜೊತೆ ಹೊರಟಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಒಂದೊಂದೇ ಹೇಳಿದಳು. ರೊಟ್ಟಿ ಎಲ್ಲಿದೆ, ಹೆಪ್ಪು ಎಲ್ಲಿದೆ, ಎಮ್ಮೆಗೆ ಹಿಂಡಿ ಎಷ್ಟು. ಆಮೇಲೆ,

“ಮುಂಜಾನೆ ಗಾಡಿ ಪೂಜಿ ಮರೀಬ್ಯಾಡ್ರಿ. ಹಿಂದೂ ಮುಂದೂ ಒಂದ್ ಸುತ್ತ ನೋಡ್ರಿ” ಅಂದಳು.

“ಊದಿನಕಡ್ಡಿ ಹಚ್ಚಾಕ ನನಗೂ ಬರತೈತಿ, ಹೋಗ” ಅಂದ ಸಾಹುಕಾರ. “ನಾಳೆ ಮುಂಜಾನೆ ಬಸ್ಸಿಗೆ ಬಂದುಬಿಡ್ರಿ. ನಾ ಲೋಡ್ ಇಳಿಸಿ, ಖಾಲಿ ಗಾಡಿ ತಗೊಂಡ ಹಳ್ಳದ ಸ್ಟಾಪಿಗೆ ಬರತೇನಿ. ಮಗಳನ್ನ ನಡಸಬ್ಯಾಡ.”

ಅಂದು ಸಂಜೆ ಹೊಲದಲ್ಲಿ ಗಾಡಿ ಮೆತ್ತನೆ ಮಣ್ಣಿನಲ್ಲಿ ಸಿಕ್ಕಿಕೊಂಡಿತು. ಸಾಹುಕಾರ ಕೊಂಡಿ ಬಿಚ್ಚಿ, ಒಮ್ಮೆ ಎಡ, ಒಮ್ಮೆ ಬಲ ತುಳಿದು, ಹೇಗೋ ಹೊರಗೆ ಎಳೆದು ಮನೆಗೆ ತಂದ. ಬೆಳಗ್ಗೆ ಎದ್ದಾಗ ಅವನ ಮನಸ್ಸೆಲ್ಲ ಮಗಳ ಮೇಲೆ. ಮನೆಗೆ ಮೊಮ್ಮಗ ಬರುವ ಹೊತ್ತು, ಯಾವ ಅಪ್ಪನಿಗೆ ಸಂತೋಷ ಆಗುವುದಿಲ್ಲ ಹೇಳಿ? ಪೂಜೆ ಮಾಡಿದ. ಮಾಡಲಿಲ್ಲ ಅಂತಲ್ಲ. ಬಾನೆಟ್ಟಿಗೆ ಕುಂಕುಮ, ಊದಿನಕಡ್ಡಿ, ಕೈಮುಗಿದದ್ದು. ಎಲ್ಲ ಮುಂದಕ್ಕೇ. ಹಿಂದಕ್ಕೆ ಒಂದು ಹೆಜ್ಜೆ ಹೋಗಲಿಲ್ಲ, ಬಗ್ಗಿ ನೋಡಲಿಲ್ಲ. ಹತ್ತಿದ, ಹಾಡು ಹಚ್ಚಿದ, ಹೊರಟ.

ಊರು ದಾಟಿದ ಮೇಲೆ ರಸ್ತೆ ಸ್ವಲ್ಪ ಏರುತ್ತದೆ, ಆಮೇಲೆ ಹಳ್ಳದ ಸೇತುವೆಯವರೆಗೂ ಉದ್ದಕ್ಕೆ ಇಳಿಯುತ್ತದೆ. ಏರಿನಲ್ಲಿ ಎಂಜಿನ್ ಗುರುಗುಟ್ಟುತ್ತ ಎಳೆಯಿತು. ಏರಿನ ತುದಿಯಲ್ಲಿ ಗೇರು ಇಳಿಸಬೇಕು. ಭಾರದ ಗಾಡಿ ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇಳಿಯಬೇಕು. ಇದು ಓಡಿಸುವವರಿಗೆಲ್ಲ ಗೊತ್ತು. ಅವನಿಗೂ ಗೊತ್ತಿತ್ತು. ಆದರೆ ಅವನಿಗೆ ಅವಸರ. ಬಸ್ಸು ಬರುವುದರೊಳಗೆ ಲೋಡ್ ಇಳಿಸಿ ಬರಬೇಕು. ಬಿಡು, ತಾನೇ ಇಳಿಯುತ್ತದೆ ಅಂದುಕೊಂಡ.

ಇಲ್ಲಿ ಒಂದು ಮಾತು ಗಮನಿಸಿ. ಏರಿನಲ್ಲಿ ನೀವು ಟ್ರೇಲರನ್ನು ಎಳೆಯುತ್ತೀರಿ. ಇಳಿಜಾರಿನಲ್ಲಿ? ಇಳಿಜಾರಿನಲ್ಲಿ ಟ್ರೇಲರು ನಿಮ್ಮನ್ನು ತಳ್ಳುತ್ತದೆ. ಅಲ್ಲಿಯವರೆಗೆ ಸುಮ್ಮನೆ ಹಿಂದೆ ಬರುತ್ತಿದ್ದದ್ದು, ನೀವು ಮರೆತೇಬಿಟ್ಟದ್ದು, ಅದು ಈಗ ನಿಮ್ಮನ್ನು ಓಡಿಸತೊಡಗುತ್ತದೆ. ಸಾಹುಕಾರನ ಗಾಡಿ ಜೋರು ಹಿಡಿಯಿತು. ಅವನಿಗೆ ಮೊದಲು ಅದು ಚೆನ್ನಾಗಿಯೇ ಅನಿಸಿತು, ಗಾಳಿ ಮುಖಕ್ಕೆ ಬಡಿಯುತ್ತಿತ್ತು.

ಕೆಳಗೆ ಸೇತುವೆಯ ಈಚೆ, ರಸ್ತೆಯ ಬಲಕ್ಕೆ, ಎದುರಿನಿಂದ ಬಂದ ಬಸ್ಸು ನಿಂತಿತ್ತು. ಬೇಗ ಬಂದುಬಿಟ್ಟಿತ್ತು. ಹೆಂಗಸರು ಇಳಿಯುತ್ತಿದ್ದರು. ಹಸಿರು ಸೀರೆ ಉಟ್ಟ ಒಬ್ಬಳು ಕಂಡಳು. ಕುಬಸದ ಹಸಿರು ಸೀರೆ, ಕೈತುಂಬ ಹಸಿರು ಬಳೆ, ಸೊಂಟದ ಮೇಲೆ ಒಂದು ಕೈ. ಅವಳ ತೋಳು ಹಿಡಿದು ಬಾಳವ್ವ ಇಳಿಸುತ್ತಿದ್ದಳು.

ಸಾಹುಕಾರ ಬ್ರೇಕ್ ತುಳಿದ.

ಕೊಂಡಿ ಹಾಕಿದ್ದರೆ ಕಾಲು ಎಲ್ಲಿ ಬಿದ್ದರೂ ಒಂದೇ. ಕೊಂಡಿ ಇರಲಿಲ್ಲ. ಕಾಲು ಬಲದ ಪೆಡಲಿನ ಮೇಲೆ ಬಿತ್ತು. ಬಲಗಾಲಿ ಒಂದೇ ಗಕ್ಕನೆ ಹಿಡಿಯಿತು. ಮುಂದಿನ ಎಂಜಿನ್ನು ಬಲಕ್ಕೆ ಹೊರಳಿತು, ಹಿಂದಿನ ಅಷ್ಟೂ ಭಾರ ಅದನ್ನು ಬಲಕ್ಕೇ ನೂಕಿತು. ಬಲಕ್ಕೆ ಏನಿತ್ತು? ಬಸ್ಸಿತ್ತು. ಬಸ್ಸಿನ ಬಾಗಿಲಿನಲ್ಲಿ ಅವನ ಹೆಂಡತಿ ಇದ್ದಳು, ಮಗಳಿದ್ದಳು, ಮಗಳ ಹೊಟ್ಟೆಯಲ್ಲಿ ಇನ್ನೂ ಮುಖ ಕಾಣದ ಕೂಸಿತ್ತು. ತಾನು ಇಷ್ಟು ದಿನ ಯಾವುದನ್ನು ತನ್ನದು ಅಂದುಕೊಂಡಿದ್ದನೋ ಅದೆಲ್ಲ ಆ ಬಾಗಿಲಿನಲ್ಲಿ ನಿಂತಿತ್ತು. ಅದರ ಕಡೆಗೇ ಅವನು ಹೋಗುತ್ತಿದ್ದ.

ಆ ಕ್ಷಣಕ್ಕೆ ಸಾಹುಕಾರ ದೇವರನ್ನು ನೆನೆದನೋ ಇಲ್ಲವೋ ನಮಗೆ ಗೊತ್ತಿಲ್ಲ. ಅವನೇ ಆಮೇಲೆ ಹೇಳಿದ ಪ್ರಕಾರ, ಬಾಯಲ್ಲಿ ಏನೂ ಬರಲಿಲ್ಲವಂತೆ. ಕಾಲು ಮಾತ್ರ ಹೊಲದ ನೆನಪಿನಲ್ಲಿ ತಾನಾಗಿಯೇ ಎಡಕ್ಕೆ ಸರಿದು ಎಡದ ಪೆಡಲನ್ನು ತುಳಿಯಿತಂತೆ. ಗಾಡಿ ಎಡಕ್ಕೆ ತಿರುಗಿತು. ರಸ್ತೆ ಬಿಟ್ಟು, ಕಬ್ಬು ಕಡಿದು ಬರಿದಾದ ಹೊಲಕ್ಕೆ ನುಗ್ಗಿತು. ಅಲ್ಲಿ ಕಬ್ಬಿನ ಒಣಸೋಗೆಯನ್ನು ಗುಡ್ಡೆ ಹಾಕಿದ್ದರು, ನಾವು ರವದಿ ಅನ್ನುತ್ತೇವಲ್ಲ, ಅದು. ಎಂಜಿನ್ನು ಆ ರವದಿಯಲ್ಲಿ ಮೂತಿ ಹುಗಿದು ನಿಂತಿತು. ಹಿಂದಿನ ಟ್ರೇಲರು ವಾಲಿ, ಕಬ್ಬೆಲ್ಲ ರಸ್ತೆಯ ಮೇಲೆ ಸುರಿಯಿತು. ಸುರಿದ ಕಬ್ಬಿನ ತುದಿ ಉರುಳುತ್ತ ಹೋಗಿ ಬಸ್ಸಿನ ಗಾಲಿಯ ಹತ್ತಿರ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಇನ್ನೊಮ್ಮೆ ಹೇಳುತ್ತೇವೆ, ಯಾರಿಗೂ ಏನೂ ಆಗಲಿಲ್ಲ. ನೀವೆಲ್ಲ ಈಗ ಉಸಿರು ಬಿಟ್ಟಿರಲ್ಲ, ಆ ಉಸಿರಿದೆಯಲ್ಲ, ಅದನ್ನು ಮರೆಯಬೇಡಿ. ಉಪಕಾರ ಸ್ಮರಣೆ ಶುರುವಾಗುವುದು ಅಲ್ಲಿಂದ.

ಸಾಹುಕಾರ ಸ್ಟೇರಿಂಗ್ ಹಿಡಿದುಕೊಂಡು ಕೂತೇ ಇದ್ದ. ಎಂಜಿನ್ ನಿಂತಿತ್ತು, ಹಾಡು ಮಾತ್ರ ಇನ್ನೂ ಹಾಡುತ್ತಿತ್ತು. ಬಾಳವ್ವ ಕಬ್ಬು ದಾಟಿಕೊಂಡು ಓಡಿ ಬಂದಳು. ಬಂದವಳು ಮೊದಲು ಅವನ ಮುಖ, ಎದೆ, ಕೈ ಎಲ್ಲ ಮುಟ್ಟಿ ನೋಡಿದಳು. ನೆಟ್ಟಗಿದ್ದ. ಆಮೇಲೆ ಹಾಡು ಆರಿಸಿದಳು. ಆಮೇಲೆ ಅವಳ ಕಣ್ಣು ಕೆಳಗೆ ಪೆಡಲಿನ ಕಡೆ ಹೋಯಿತು.

“ಕೊಂಡಿ ಹಾಕೇ ಇಲ್ಲಲ್ರಿ” ಅಂದಳು.

ಅಂದು, ಬಗ್ಗಿ, ಕೈ ಹಾಕಿ, ಕೊಂಡಿ ಸರಿಸಿ ಹಾಕಿದಳು. ಹಾಕಿ, ರೂಢಿಯ ಹಾಗೆ ಕೈ ಕಣ್ಣಿಗೆ ಒತ್ತಿಕೊಂಡಳು.

ಅದೇ ಬಗ್ಗುವುದು. ದಿನಾ ಕಟ್ಟೆಯ ಮೇಲಿಂದ ನೋಡಿ ನಗುತ್ತಿದ್ದ ಅದೇ ಬಗ್ಗುವುದು. ಸಾಹುಕಾರ ಈಗ ಅದನ್ನು ಮೇಲಿಂದ, ಹತ್ತಿರದಿಂದ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

“ಇಷ್ಟು ದಿನ ಇದನ್ನ ಹಾಕತಿದ್ದಾಕಿ ನೀನ ಏನು?”

“ಮತ್ತ? ಯಾರ ಹಾಕಬೇಕು? ಗಾಡಿ ಬಂದ ದಿನಾನ ಅವರು ಹೇಳಿದ್ರಲ್ಲ.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ದೆ ಒಂದ್ ಸಲ. ನೀವು ಹಾಡು ಜೋರ ಮಾಡಿದ್ರಿ” ಅಂದಳು ಬಾಳವ್ವ. ಬಯ್ಯುವ ದನಿಯಲ್ಲ ಅದು. ಇದ್ದದ್ದು ಇದ್ದ ಹಾಗೆ ಹೇಳಿದಳು. “ಅದಕ್ಕ ನಾನ ಹಾಕಿದರ ಆತು ಅಂತ ಬಿಟ್ಟೆ. ನಿನ್ನೆ ಹೋಗೂಮುಂದ ಇನ್ನೊಮ್ಮೆ ಬಿಡಿಸಿ ಹೇಳಬೇಕಿತ್ತು. ಅಷ್ಟೊತ್ತಿಗೆ ಬಸ್ಸಿನ ಹೊತ್ತಾಗಿಬಿಡ್ತು.”

ಬಂಧುಗಳೇ, ಸಾಹುಕಾರ ಗಾಡಿಯಿಂದ ಇಳಿದ. ರವದಿಯ ಮೇಲೆ ಕುಸಿದು ಕೂತು ಕೂಸಿನ ಹಾಗೆ ಅತ್ತ. ಅವನು ಫ್ಯಾಕ್ಟರಿಯ ಸಮಾರಂಭದಲ್ಲಿ ಮೈಕಿನ ಮುಂದೆ ನಿಂತು ಧನ್ಯವಾದ ಹೇಳಿದವನು. ಶಾಲು ಹೊದಿಸಿಕೊಂಡಾಗ ಹೇಳಿದ್ದ, ಹಾರ ಹಾಕಿಸಿಕೊಂಡಾಗ ಹೇಳಿದ್ದ. ಆ ಮಾತು ಅವನಿಗೆ ಬರುತ್ತಿತ್ತು. ಆದರೆ ಇಲ್ಲಿ ಆ ಮಾತು ಸಾಲಲಿಲ್ಲ. ಅವನು ಹುಡುಕಿದ, ಹುಡುಕಿದ. ಕೊನೆಗೆ ಅವನ ಬಾಯಿಂದ ಬಂದದ್ದು ಒಂದು ಹೆಸರು.

“ಬಾಳವ್ವಾ” ಅಂದ.

ಅವಳು ಬೆಚ್ಚಿಬಿದ್ದಳು. ಯಾರು ಕರೆದರು ಅಂತ ಅತ್ತಿತ್ತ ನೋಡಿದಳು. ಆ ದನಿಯಲ್ಲಿ ತನ್ನ ಹೆಸರನ್ನು ಅವಳು ಕೇಳಿರಲೇ ಇಲ್ಲ.

“ಬಾಳವ್ವಾ, ನಾ ಗಾಡಿ ಹೊಡಿಯಾವ ಅಂತ ಇಷ್ಟು ದಿನ ಎದಿ ಉಬ್ಬಿಸಿಕೊಂಡ ತಿರುಗಿದೆ. ನೀ ಇದ್ದಿ ಅಂತ ನಾ ಇದ್ದೆ.”

ಹೇಳಿ, ರಸ್ತೆಯ ಪಕ್ಕದಲ್ಲಿ, ಬಸ್ಸಿನ ಮಂದಿಯೆಲ್ಲ ನೋಡುತ್ತಿರುವಾಗ, ಅವಳಿಗೆ ಎರಡೂ ಕೈ ಜೋಡಿಸಿದ.

ಬಾಳವ್ವ ಗಾಬರಿಯಾಗಿ ಸೆರಗು ಎಳೆದುಕೊಂಡಳು. “ಏನ್ರಿ ಇದು, ಏಳ್ರಿ. ಮಂದಿ ನೋಡತಾರ.”

“ನೋಡಲಿ” ಅಂದ ಸಾಹುಕಾರ.

ಅಷ್ಟರಲ್ಲಿ ಮಹಾನಂದಾ ನಿಧಾನವಾಗಿ ನಡೆದುಕೊಂಡು ಬಂದಳು. ಅಪ್ಪನ ಕಣ್ಣೊರೆಸಿ, “ಅಪ್ಪಾ, ಅವ್ವನ ಹೆಸರ ಇನ್ನೊಮ್ಮೆ ಕರಿ. ಚಲೋ ಅನಸಾಕ ಹತ್ತೈತಿ” ಅಂದಳು. ಮೂವರೂ ಅಳುತ್ತಲೇ ನಕ್ಕರು. ಬಸ್ಸಿನವರು, ಪಕ್ಕದ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಗ್ಯಾಂಗಿನವರು ಸೇರಿ ಕಬ್ಬು ಎತ್ತಿ ರಸ್ತೆ ತೆರವು ಮಾಡಿಕೊಟ್ಟರು. ಬಸ್ಸು ಹೋಯಿತು.

ಆಮೇಲೆ ಆ ಮನೆಯಲ್ಲಿ ಏನಾಯಿತು ಗೊತ್ತೇ? ನಸುಕಿನಲ್ಲಿ ಗಾಡಿಯ ಸುತ್ತ ಇಬ್ಬರು ನಡೆಯತೊಡಗಿದರು. ಅವಳ ಕೈಯಲ್ಲಿ ಕುಂಕುಮ, ಇವನ ಕೈಯಲ್ಲಿ ತಂಬಿಗೆ. ಟ್ರೇಲರಿನ ಬೆನ್ನಿಗೂ ಹೂ ಏರಿತು. ಕೊಂಡಿಯನ್ನು ಅವನೇ ಬಗ್ಗಿ ಹಾಕಿದ, ಹಾಕಿ ಕೈ ಕಣ್ಣಿಗೆ ಒತ್ತಿಕೊಂಡ. ಅಷ್ಟಕ್ಕೇ ಬಿಡಲಿಲ್ಲ. ಅವನಿಗೊಂದು ಹುಚ್ಚು ಹಿಡಿಯಿತು. ಮನೆಯಲ್ಲಿ ಏನೇ ಕಂಡರೂ ಯಾರು ಮಾಡಿದ್ದು ಅಂತ ಕೇಳುವ ಹುಚ್ಚು. ಕೊಡ ಯಾರು ತುಂಬಿದ್ದು? ಅಂಗಿಯ ಗುಂಡಿ ಯಾರು ಹಚ್ಚಿದ್ದು? ಎಮ್ಮೆ ಕಟ್ಟುವ ಕಣ್ಣಿ ಯಾರು ಬದಲಿಸಿದ್ದು? ಕೇಳಿ ಕೇಳಿ ಮನೆಯವರಿಗೆ ಸಾಕಾಗಿಹೋಯಿತು. “ಸುಮ್ನ ಉಣ್ರಿ” ಅನ್ನುತ್ತಿದ್ದಳು ಬಾಳವ್ವ. ಆದರೆ ಅನ್ನುವಾಗ ಮುಖ ಆಚೆ ತಿರುಗಿಸುತ್ತಿದ್ದಳು, ನಗು ಕಾಣಬಾರದು ಅಂತ. ಮಹಾನಂದಾಳಿಗೆ ಹೆಣ್ಣು ಕೂಸು ಹುಟ್ಟಿತು. ಮೊಮ್ಮಗ ಬರುತ್ತಾನೆ ಅಂತ ಕಾದಿದ್ದ ಸಾಹುಕಾರ ಮೊಮ್ಮಗಳನ್ನು ಎತ್ತಿಕೊಂಡು, ಇಂಥ ಭಾಗ್ಯ ಯಾರಿಗುಂಟು ಅಂತ ಊರೆಲ್ಲ ಸಕ್ಕರೆ ಹಂಚಿದ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ಇನ್ನೇನು ದಸರಾ ಬರುತ್ತದೆ, ಅದರ ಹಿಂದೆಯೇ ಫ್ಯಾಕ್ಟರಿ ಶುರುವಾಗುತ್ತದೆ. ಗಾಡಿ ಓಡಿಸುವ ಅಣ್ಣಂದಿರು ಇಲ್ಲಿ ಬೇಕಾದಷ್ಟು ಇದ್ದೀರಿ. ನಾಳೆಯಿಂದ ಗಾಡಿ ಹತ್ತುವ ಮೊದಲು ಒಂದು ಸುತ್ತು ನಡೆಯಿರಿ. ಪೂಜೆ ಅಂತಾದರೂ ಮಾಡಿ, ತಪಾಸಣೆ ಅಂತಾದರೂ ಮಾಡಿ, ನಮಗೆ ಎರಡೂ ಒಂದೇ. ಪಿನ್ನು ಅಲುಗಿಸಿ ನೋಡಿ. ಹಿಂದಿನ ಕೆಂಪು ಪಟ್ಟಿಯ ಧೂಳು ಒರೆಸಿ, ನಿಮ್ಮ ಹಿಂದೆ ಬರುವವನೂ ಒಬ್ಬ ತಾಯಿಯ ಮಗ. ಕೊಂಡಿ ಹಾಕಿ. ಇಳಿಜಾರು ಕಾಣುವ ಮೊದಲೇ ಗೇರು ಇಳಿಸಿ. ಹಾಡು ಬೇಕೇಬೇಕೆಂದರೆ ಮನೆಗೆ ಬಂದು ಹಚ್ಚಿಕೊಳ್ಳಿ, ನಾವೂ ಕೇಳುತ್ತೇವೆ. ಇನ್ನೊಂದು. ಟ್ರೇಲರು ಕಬ್ಬಿಗೆ, ಗೊಬ್ಬರಕ್ಕೆ. ಮನುಷ್ಯರಿಗಲ್ಲ. ಇವತ್ತು ಟ್ರೇಲರಿನಲ್ಲಿ ಬಂದ ತಾಯಂದಿರು, ಮಕ್ಕಳು ಅದರಲ್ಲಿ ವಾಪಸ್ ಹೋಗಬೇಡಿ. ಮಠದ ಜೀಪು ನಿಂತಿದೆ, ಎಷ್ಟು ಸಲ ಬೇಕಾದರೂ ಹೋಗಿ ಬರುತ್ತದೆ. ಸ್ವಲ್ಪ ತಡವಾಗುತ್ತದೆ. ಆಗಲಿ. ಕಾಯುವವರಿಗೆ ಪ್ರಸಾದ ಇನ್ನೊಂದು ಸಲ ಬಡಿಸುತ್ತಾರೆ.

ಇದು ಗಾಡಿಯವರಿಗೆ ಹೇಳಿದ್ದು. ಗಾಡಿ ಇಲ್ಲದವರು ನಮಗಲ್ಲ ಅಂತ ನಿರಾಳವಾಗಿ ಕೂತಿದ್ದೀರಲ್ಲ, ನಿಮಗೂ ಇದೆ. ನಿಮ್ಮ ಬದುಕು ಇಷ್ಟು ದಿನ ಆಚೀಚೆ ಆಗದೆ ನಡೆದಿದೆ. ನಿಮ್ಮ ಜಾಣತನದಿಂದ ಅಂದುಕೊಂಡಿದ್ದೀರಿ. ನಿಮಗೆ ಗೊತ್ತಿಲ್ಲದೆ ದಿನಾ ಬಗ್ಗಿ ಕೊಂಡಿ ಹಾಕುವ ಕೈ ಯಾವುದು? ತಾಯಿಯದೋ, ಹೆಂಡತಿಯದೋ, ಗಂಡನದೋ, ಅಂಗಡಿ ಬಾಗಿಲು ತೆಗೆದು ಕಸ ಹೊಡೆಯುವ ಕೆಲಸದವನದೋ? ಇದ್ದಾಗ ಕಾಣದೆ, ಇಲ್ಲದ ದಿನ ಕಾಣುತ್ತದೆ ಆ ಕೈ. ಸಾಹುಕಾರನ ಪುಣ್ಯ ದೊಡ್ಡದು, ಕಂಡ ಮೇಲೂ ಆ ಕೈ ಅವನ ಹತ್ತಿರವೇ ಇತ್ತು. ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ. ಅದಕ್ಕೇ ಇವತ್ತೇ ಮನೆಗೆ ಹೋಗಿ ಕೇಳಿ. ಕೇಳಿ, ಆ ವ್ಯಕ್ತಿಯನ್ನು ಹೆಸರು ಹಿಡಿದು ಕರೆಯಿರಿ. ಕರೆದು, ನೀನು ಮಾಡಿದ್ದು ನನಗೆ ಗೊತ್ತಾಯಿತು ಅನ್ನಿ. ಅಷ್ಟು ಸಾಕು.

ಮನೆಯವರೆಗೂ ಯಾಕೆ, ಇಲ್ಲಿಂದಲೇ ಶುರು ಮಾಡೋಣ. ನೀವು ಬಂದಾಗ ಚಪ್ಪಲಿಯನ್ನು ಬಾಗಿಲ ಹೊರಗೆ ಹೇಗೆ ಬಿಟ್ಟಿರಿ? ಒಂದು ಇಲ್ಲಿ, ಒಂದು ಅಲ್ಲಿ. ನಿನ್ನೆ ಹೊರಗೆ ಹೋದಾಗ ಹೇಗಿದ್ದವು? ಜೋಡಿ ಜೋಡಿಯಾಗಿ, ಸಾಲಾಗಿ, ಮೂತಿ ಹೊರಗೆ ಮಾಡಿ, ಕಾಲು ಹಾಕಿದರೆ ಸಾಕು ಅನ್ನುವ ಹಾಗೆ ಇದ್ದವು. ಮೊನ್ನೆಯೂ ಹಾಗೇ ಇದ್ದವು. ಶ್ರಾವಣ ಶುರುವಾದಾಗಿನಿಂದ ಹಾಗೇ ಇವೆ. ಯಾರು ಮಾಡಿದರು ಅಂತ ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ?

ಆ ತಾಯಿ ಈಗಲೂ ಹೊರಗೆ ಬಗ್ಗಿ ಅದನ್ನೇ ಮಾಡುತ್ತಿದ್ದಾಳೆ. ನಮಗೆ ಹೆಸರು ಗೊತ್ತಿದೆ. ನಾವು ಹೇಳುವುದಿಲ್ಲ. ಎದ್ದು ಹೋಗಿ, ಕಾಲು ಚಪ್ಪಲಿಗೆ ಹಾಕುವ ಮೊದಲು ನೀವೇ ಕೇಳಿಕೊಳ್ಳಿ.